ಚೌಕಟ್ಟಿನ ಹೊರಗೆ ಉಳಿದ ಎರೆಭೂಮಿ

ಮನೆಯ ಕಪಾಟಿನಲ್ಲಿ ಮದುವೆಯ ಆಲ್ಬಮ್ಮಿನ ಪಕ್ಕದಲ್ಲಿ ಹಳೆಯ ಬಿಡಿ ಚಿತ್ರಗಳ ಲಕೋಟೆಯೊಂದು ಇರುತ್ತದಲ್ಲ, ಇಂದು ಸಂಜೆ ಜಪಸರದ ಪ್ರಾರ್ಥನೆ ಮುಗಿದ ಮೇಲೆ ಅದನ್ನೊಮ್ಮೆ ತೆಗೆದು ನೋಡಿ. ನೀವು ವಿಜಯಪುರ ಜಿಲ್ಲೆಯವರಾಗಿದ್ದರೆ, ಇಲ್ಲವೇ ಆ ಕಡೆಗೆ ಒಮ್ಮೆಯಾದರೂ ಪ್ರವಾಸ ಹೋಗಿಬಂದವರಾಗಿದ್ದರೆ, ಆಲಮಟ್ಟಿಯಲ್ಲಿ ತೆಗೆಸಿಕೊಂಡ ಚಿತ್ರವೊಂದು ಅದರಲ್ಲಿ ಬಹುಶಃ ಸಿಕ್ಕೀತು. ಮುಂದೆ ಮನೆಯವರೆಲ್ಲ ಸಾಲಾಗಿ ನಿಂತಿದ್ದಾರೆ. ಮಕ್ಕಳು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಾರೆ. ಹಿಂದೆ ಅಣೆಕಟ್ಟಿನ ಗೇಟುಗಳು, ಅವುಗಳಿಂದ ಧುಮುಕುವ ನೀರಿನ ಬಿಳಿ ನೊರೆ. ಚಿತ್ರ ಚೆನ್ನಾಗಿದೆ. ಆದರೆ ನೀರು ನಿಲ್ಲುವ ಮುಂಚೆ ಆ ಗೋಡೆಯ ಆಚೆ ಏನಿತ್ತು? ಅಲ್ಲಿಂದ ಹೊರಟ ನೀರು ಯಾರ ಹೊಲಕ್ಕೆ ಹೋಯಿತು, ಯಾವ ಯಂತ್ರಕ್ಕೆ ಹೋಯಿತು? ಚಿತ್ರ ಇದಾವುದನ್ನೂ ಹೇಳುವುದಿಲ್ಲ. ನಾವೂ ಅದನ್ನು ಕೇಳಿದವರಲ್ಲ.

ನೆಲ, ನೀರು, ಆಕಾಶಗಳನ್ನೂ ಅವುಗಳ ನಡುವೆ ಮನುಷ್ಯನು ಕಟ್ಟಿದ ಕಾರ್ಖಾನೆಯನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯುವ ಛಾಯಾಚಿತ್ರಕ್ಕೆ ದೊಡ್ಡದೊಂದು ಚರಿತ್ರೆಯಿದೆ. ಅದನ್ನು ಯೂರೋಪು ಅಮೆರಿಕಗಳಿಂದ ಆರಂಭಿಸುವುದು ರೂಢಿ. ನಾವು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳಿಂದ ಆರಂಭಿಸೋಣ. 1884ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ವಿಜಾಪುರ ಗ್ಯಾಸೆಟಿಯರಿನಲ್ಲಿಯೂ ಈ ನಾಲ್ಕು ಹೆಸರುಗಳು ತಾಲ್ಲೂಕುಗಳಾಗಿಯೇ ಕಾಣುತ್ತವೆ. ಇತ್ತೀಚಿನ ವರ್ಷಗಳಲ್ಲಿ ಅವುಗಳ ಒಡಲಿನಿಂದ ನಿಡಗುಂದಿ, ಕೊಲ್ಹಾರ, ತಾಳಿಕೋಟೆ, ಚಡಚಣ, ದೇವರ ಹಿಪ್ಪರಗಿ, ಆಲಮೇಲಗಳೆಂಬ ಹೊಸ ತಾಲ್ಲೂಕುಗಳು ಹುಟ್ಟಿಕೊಂಡಿವೆಯಾದರೂ ನೆಲ ಅದೇ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಡೋಣಿಯ ದಂಡೆಯ ಬಿಳಿಜೋಳದ ಹುಲುಸನ್ನು ಕುರಿತು ಗಾದೆಯೇ ಇದೆ.

ಈ ನೆಲದ ಚಿತ್ರ ತೆಗೆಯುವುದು ಸುಲಭವಲ್ಲ. ಮಲೆನಾಡಿನಲ್ಲಿ ಕ್ಯಾಮೆರಾವನ್ನು ಯಾವ ಕಡೆ ತಿರುಗಿಸಿದರೂ ಒಂದು ಬೆಟ್ಟ, ಒಂದು ತೊರೆ, ಒಂದು ಮರ ಚೌಕಟ್ಟಿನೊಳಗೆ ತಾನಾಗಿ ಬಂದು ಕುಳಿತುಕೊಳ್ಳುತ್ತದೆ. ಎರೆಭೂಮಿಯಲ್ಲಿ ಹಾಗಲ್ಲ. ಕೆಳಗೆ ಕಪ್ಪು, ಮೇಲೆ ಬಿಳುಪು, ನಡುವೆ ಒಂದು ಗೆರೆ. ಬೇಸಿಗೆಯಲ್ಲಿ ನೆಲ ಬಾಯಿಬಿಟ್ಟು ಬಿರಿದಿರುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟಿ ನಡೆಯಗೊಡುವುದಿಲ್ಲ, ಹಿಂಗಾರಿ ಜೋಳ ತೆನೆಗಟ್ಟಿದಾಗ ಮಾತ್ರ ಆ ಗೆರೆಯ ಕೆಳಗಿನದೆಲ್ಲ ಹಸಿರಾಗಿ ಅಲೆಯಾಡುತ್ತದೆ. ಇಂಥ ಬಯಲಿನಲ್ಲಿ ಕ್ಯಾಮೆರಾದ ಕಣ್ಣು ಸಹಜವಾಗಿಯೇ ಎತ್ತರವಾಗಿ ನಿಂತ ಯಾವುದಾದರೊಂದು ವಸ್ತುವನ್ನು ಹುಡುಕುತ್ತದೆ. ಈ ಜಿಲ್ಲೆಯ ಛಾಯಾಚಿತ್ರದ ಚರಿತ್ರೆಯನ್ನು ಹಾಗೆ ಎತ್ತರವಾಗಿ ನಿಂತವುಗಳ ಚರಿತ್ರೆ ಎಂದೇ ಓದಬಹುದು: ಮೊದಲು ಗುಮ್ಮಟ, ಆಮೇಲೆ ಅಣೆಕಟ್ಟು, ಈಗ ಚಿಮಣಿ.

ಗುಮ್ಮಟದ ಕಥೆ 1855ರದು. ಮುಂಬಯಿ ಸರ್ಕಾರವು ಪುರಾತನ ಕಟ್ಟಡಗಳ ಚಿತ್ರ ತೆಗೆಯಲೆಂದು ಥಾಮಸ್ ಬಿಗ್ಸ್ ಎಂಬ ಫಿರಂಗಿದಳದ ಅಧಿಕಾರಿಯನ್ನು ನೇಮಿಸಿತು. ಆತ ವಿಜಾಪುರ, ಬಾದಾಮಿ, ಐಹೊಳೆಗಳಿಗೆ ಕ್ಯಾಮೆರಾ ಹೊತ್ತುಕೊಂಡು ಬಂದನು. ಆ ಕಾಲಕ್ಕೆ ಫಿಲ್ಮ್ ಇನ್ನೂ ಹುಟ್ಟಿರಲಿಲ್ಲ. ಬೆಳ್ಳಿಯ ಲವಣ ಲೇಪಿಸಿದ ಕಾಗದವೇ ನೆಗೆಟಿವ್. ಬೆಳಕು ಆ ಕಾಗದದ ಮೇಲೆ ಕೂರಲು ಕ್ಷಣಗಳಲ್ಲ, ನಿಮಿಷಗಳೇ ಬೇಕಾಗುತ್ತಿದ್ದವು. ಆದ್ದರಿಂದ ಅಲುಗಾಡದೆ ನಿಂತದ್ದು ಮಾತ್ರ ಚಿತ್ರದಲ್ಲಿ ಉಳಿಯುತ್ತಿತ್ತು. ಕಲ್ಲು ಉಳಿಯಿತು, ಕಮಾನು ಉಳಿಯಿತು. ದಾರಿಯಲ್ಲಿ ಹಾದುಹೋದ ಚಕ್ಕಡಿ, ನೀರಿನ ಕೊಡ ಹೊತ್ತ ಹೆಣ್ಣುಮಗಳು, ಗಾಳಿಗೆ ತೂಗುವ ಬೆಳೆ ಇವೆಲ್ಲ ಮಸುಕಾಗಿ ಅಳಿಸಿಹೋದವು. ನಿರ್ಜನವಾದ ಅವಶೇಷಗಳ ಊರು ಎಂಬ ಭಾವನೆಯನ್ನು ಆ ಕಾಲದ ಚಿತ್ರಗಳು ನಮ್ಮಲ್ಲಿ ಮೂಡಿಸುವುದಕ್ಕೆ ಇತಿಹಾಸ ಎಷ್ಟು ಕಾರಣವೋ ಆ ಕಾಗದದ ನಿಧಾನವೂ ಅಷ್ಟೇ ಕಾರಣ. ಜನರು ಅಲ್ಲಿ ಇದ್ದರು. ಕ್ಯಾಮೆರಾ ಅವರನ್ನು ಕಾಣಲಾರದಾಯಿತು.

ಬಿಗ್ಸ್ ಮತ್ತು ಮೇಜರ್ ಲಾಕ್ ತೆಗೆದ ಚಿತ್ರಗಳು 1866ರಲ್ಲಿ ಲಂಡನ್ನಿನಲ್ಲಿ ವಿಜಾಪುರದ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥವಾಗಿ ಹೊರಬಂದವು. ಅದಕ್ಕೆ ಚಾರಿತ್ರಿಕ ಭಾಗವನ್ನು ಬರೆದವನು ಮೆಡೋಸ್ ಟೇಲರ್. ಈತ ಸಿಂದಗಿ, ಮುದ್ದೇಬಿಹಾಳಗಳ ನೆರೆಯ ಸುರಪುರದಲ್ಲಿ ವರ್ಷಗಟ್ಟಲೆ ಇದ್ದು, ಕೆರೆ ಕಟ್ಟಿಸಿ, ಜನರ ಮಾತು ಕಲಿತವನು. ಎರೆಹೊಲ ಎಂದರೇನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಗ್ರಂಥದ ವಿಷಯ ಹೊಲವಲ್ಲ, ಗುಮ್ಮಟ. ಇದನ್ನು ತಪ್ಪೆಂದು ನಾನು ಹೇಳುತ್ತಿಲ್ಲ. ಆ ಗುಮ್ಮಟಗಳನ್ನು ಕಟ್ಟಲು ಬೇಕಾದ ದ್ರವ್ಯ ಸುತ್ತಲಿನ ಜೋಳದ ರಾಶಿಯಿಂದ ಕಂದಾಯವಾಗಿ ಬಂದದ್ದು ಎಂಬುದನ್ನು ಮಾತ್ರ ನೆನಪಿನಲ್ಲಿ ಇಟ್ಟುಕೊಳ್ಳೋಣ.

ಮುಂದಿನ ಅಧ್ಯಾಯ ದುಃಖದ್ದು. 1876ರಿಂದ 1878ರವರೆಗಿನ ಮಹಾಕ್ಷಾಮ ದಖ್ಖನ್ ಸೀಮೆಯನ್ನು ಅರೆದುಹಾಕಿತು. ಆಗ ಈ ಪ್ರದೇಶಕ್ಕೆ ಕಲಾದಗಿ ಜಿಲ್ಲೆಯೆಂದು ಹೆಸರು. 1872ರ ಜನಗಣತಿಯಲ್ಲಿ ಸುಮಾರು 8 ಲಕ್ಷ 16 ಸಾವಿರ ಇದ್ದ ಜಿಲ್ಲೆಯ ಜನಸಂಖ್ಯೆ 1881ರಲ್ಲಿ ಸುಮಾರು 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಈ ಎರಡು ಅಂಕಿಗಳ ನಡುವಿನ ಮೌನವನ್ನು ದಯವಿಟ್ಟು ಒಂದು ನಿಮಿಷ ಮನಸ್ಸಿಗೆ ತಂದುಕೊಳ್ಳಿ. ಸತ್ತವರೆಷ್ಟು, ಊರು ಬಿಟ್ಟವರೆಷ್ಟು, ಹುಟ್ಟದೆಯೇ ಹೋದ ಕೂಸುಗಳೆಷ್ಟು! ಅದೇ ಕ್ಷಾಮದಲ್ಲಿ ಮದರಾಸು ಪ್ರಾಂತ್ಯದ ಹಸಿದ ಜನರನ್ನು ಸಾಲಾಗಿ ಕೂರಿಸಿ ವಿಲ್ಲೋಬಿ ಹೂಪರ್ ಎಂಬ ಸೇನಾಧಿಕಾರಿ ತೆಗೆದ ಚಿತ್ರಗಳು ಇಂದಿಗೂ ನೋಡುವವರ ಎದೆ ನಡುಗಿಸುತ್ತವೆ. ಎಲುಬಿನ ಗೂಡುಗಳಾದ ಆ ದೇಹಗಳ ಹಿಂದೆ ಅವರ ಒಣಗಿದ ಹೊಲ ಮಾತ್ರ ಕಾಣುವುದಿಲ್ಲ. ಹಸಿವು ಕಂಡಿತು, ಹಸಿವಿಗೆ ಕಾರಣವಾದ ನೆಲ ಮತ್ತು ಆಡಳಿತಗಳ ಸಂಬಂಧ ಚೌಕಟ್ಟಿನ ಹೊರಗೇ ಉಳಿಯಿತು.

ಆ ಕ್ಷಾಮದ ಬೆನ್ನಿಗೇ ಈ ಬಯಲಿಗೆ ಉಕ್ಕು ಬಂದಿತು. ಬರಗಾಲದಲ್ಲಿ ಕಾಳು ಸಾಗಿಸಲು ರೈಲುಮಾರ್ಗ ಬೇಕೆಂಬ ನಿರ್ಧಾರದ ಫಲವಾಗಿ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪೆನಿ ಸ್ಥಾಪನೆಗೊಂಡು, 1884ರಲ್ಲಿ ಹೊಟಗಿಯಿಂದ ಗದಗದವರೆಗಿನ ಮೀಟರ್‌ಗೇಜ್ ಮಾರ್ಗ ಆರಂಭವಾಯಿತು. ಭೀಮೆಯನ್ನು ದಾಟಿ, ಇಂಡಿ ಸೀಮೆಯನ್ನು ಹಾದು, ವಿಜಾಪುರ ಮುಟ್ಟಿ, ಬಾಗೇವಾಡಿಯ ಅಂಚಿನಿಂದ ಆಲಮಟ್ಟಿಗೆ ಇಳಿದು ಕೃಷ್ಣೆಯನ್ನು ದಾಟುವ ದಾರಿ ಅದು. ಮರುವರ್ಷವೇ ಜಿಲ್ಲಾಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂದಿತು. ಹಗೇವಿನಲ್ಲಿ ಹುದುಗಿಸಿಟ್ಟು ಊರೊಳಗೇ ಉಳಿಯುತ್ತಿದ್ದ ಜೋಳ ರೈಲುಡಬ್ಬಿ ಹತ್ತಿತು, ಹತ್ತಿಯ ಅಂಡಿಗೆಗಳು ಮುಂಬಯಿಯ ಗಿರಣಿಗಳ ಕಡೆ ಹೊರಟವು. ಕ್ಷಾಮದಿಂದ ಕಾಯಲೆಂದು ಬಂದ ಹಳಿಯೇ ಊರಿನ ಕಾಳನ್ನು ಊರಾಚೆಗೆ ಒಯ್ಯುವ ಹಳಿಯೂ ಆಯಿತು. ಯಂತ್ರಕ್ಕೂ ನೆಲಕ್ಕೂ ಇರುವ ನಂಟು ಮೊದಲ ದಿನದಿಂದಲೇ ಹೀಗೆ ಎರಡು ಮುಖದ್ದು.

ಇಲ್ಲಿ ಒಂದು ಮಾತು ಪಕ್ಕಕ್ಕೆ. ನಿಸರ್ಗ ಒಂದು ಕಡೆ, ಕಾರ್ಖಾನೆ ಇನ್ನೊಂದು ಕಡೆ, ನಡುವೆ ನಿಷ್ಪಕ್ಷಪಾತಿಯಾಗಿ ನಿಂತ ಕ್ಯಾಮೆರಾ ಎಂದು ನಾವು ತಿಳಿದುಕೊಂಡಿದ್ದರೆ ಅದು ಸರಿಯಲ್ಲ. ಫಿಲ್ಮಿನ ಮೇಲಿನ ಬೆಳ್ಳಿ ಗಣಿಯಿಂದ ಬಂದದ್ದು, ಆ ಬೆಳ್ಳಿಯನ್ನು ಹಿಡಿದಿಡುವ ಜೆಲಟಿನ್ ದನಗಳ ಎಲುಬು ತೊಗಲುಗಳಿಂದ ತೆಗೆದದ್ದು, ತೊಳೆಯಲು ಬೇಕಾದದ್ದು ಬಕೆಟ್ಟುಗಟ್ಟಲೆ ನೀರು. ನಮ್ಮಲ್ಲಿ ಹಲವರು ಬಳಸಿದ ಊಟಿಯ ‘ಇಂದು’ ಫಿಲ್ಮ್ ಕೂಡ ನೀಲಗಿರಿಯ ಬೆಟ್ಟದ ಮೇಲೆ ಕಟ್ಟಿದ ದೊಡ್ಡ ಕಾರ್ಖಾನೆಯದೇ ಉತ್ಪನ್ನ. ಇಂದಿನ ಮೊಬೈಲು ಇನ್ನೂ ಹೆಚ್ಚಿನ ಗಣಿಗಳ ಮಗು. ಚಿತ್ರ ತೆಗೆಯುವವನು ನಂಟಿನ ಹೊರಗೆ ನಿಂತವನಲ್ಲ, ಒಳಗೇ ಇರುವವನು.

ನಮ್ಮ ಕ್ರೈಸ್ತ ಸಮುದಾಯದ ಚಿತ್ರಸಂಗ್ರಹಗಳೂ ಈ ಮಾತಿಗೆ ಹೊರತಲ್ಲ. ಬಾಸೆಲ್ ಮಿಷನ್ನಿನವರು ಗುಳೇದಗುಡ್ಡ, ಬೆಟಗೇರಿ, ವಿಜಾಪುರಗಳಲ್ಲಿ ಕೇಂದ್ರ ತೆರೆದವರು, ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದವರು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಅವರ ಭಂಡಾರದಲ್ಲಿ ಕರ್ನಾಟಕದ ಹಳೆಯ ಛಾಯಾಚಿತ್ರಗಳು ಅಪಾರ ಸಂಖ್ಯೆಯಲ್ಲಿವೆ. ದೂರದ ಭಕ್ತಾದಿಗಳಿಗೆ ತಮ್ಮ ಕಾಣಿಕೆಯ ಹಣ ಏನಾಯಿತೆಂದು ತೋರಿಸುವುದು ಆ ಚಿತ್ರಗಳ ಒಂದು ಉದ್ದೇಶವಾಗಿತ್ತು. ಕಾರ್ಖಾನೆ ಅನೇಕರಿಗೆ ಅನ್ನ ಕೊಟ್ಟದ್ದು, ಮರ್ಯಾದೆ ಕೊಟ್ಟದ್ದು ನಿಜ. ಆದರೆ ಹೆಂಚಿಗೆ ಬೇಕಾದ ಜೇಡಿಮಣ್ಣು ನದಿದಂಡೆಯದು, ಅದನ್ನು ಸುಡಲು ಬೇಕಾದ ಕಟ್ಟಿಗೆ ಕಾಡಿನದು. ಕಾರ್ಖಾನೆಯ ಅಂಗಳದಲ್ಲಿ ನಿಂತ ಕ್ಯಾಮೆರಾಕ್ಕೆ ಕಡಿದ ಕಾಡು ಎಲ್ಲಿಂದ ಕಾಣಬೇಕು? ಒಳ್ಳೆಯ ಕೆಲಸವನ್ನು ತೋರಿಸುವ ಚಿತ್ರವೂ ಅದರ ಬೆಲೆಯನ್ನು ಮರೆಯಬಲ್ಲದು.

ಈಗ ಅಣೆಕಟ್ಟಿಗೆ ಬರೋಣ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟರು. ಕೆಲವೇ ದಿನಗಳಲ್ಲಿ ಅವರು ಪ್ರಧಾನಮಂತ್ರಿಗಳಾದರು. ಇಂದು ಜಲಾಶಯಕ್ಕೆ ಅವರದೇ ಹೆಸರು. ಕೆಳಭಾಗದ ನಾರಾಯಣಪುರ ಅಣೆಕಟ್ಟು, ಅಂದರೆ ಬಸವಸಾಗರ, 1982ರಲ್ಲಿ ಮುಗಿಯಿತು. ಆಲಮಟ್ಟಿಯ ಗೋಡೆ ಪೂರ್ಣ ಎತ್ತರಕ್ಕೆ ಏರುವ ಹೊತ್ತಿಗೆ ಶತಮಾನವೇ ತಿರುಗಿತು. 2000ದಲ್ಲಿ ಸುಪ್ರೀಂ ಕೋರ್ಟು ನೀರಿನ ಮಟ್ಟವನ್ನು 519.6 ಮೀಟರಿಗೆ ಮಿತಿಗೊಳಿಸಿತು. ಆ ಮಟ್ಟದಲ್ಲಿ ನಿಲ್ಲುವ ನೀರು ಸುಮಾರು 123 ಟಿಎಂಸಿ. ಗೋಡೆಯ ಬುಡದ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟ್.

ಬರದ ನಾಡಿನ ಜನರು ಆ ಗೋಡೆಯನ್ನು ಎಂಥ ಆಸೆಯಿಂದ ನೋಡಿರಬೇಕು! ಈ ಆಸೆಯನ್ನು ಅರ್ಥಮಾಡಿಕೊಳ್ಳದೆ ಆ ಕಾಲದ ಅಣೆಕಟ್ಟಿನ ಚಿತ್ರಗಳನ್ನು ಹಗುರವಾಗಿ ಟೀಕಿಸುವವರನ್ನು ಕಂಡರೆ ನನಗೆ ಅಸಮಾಧಾನ. ಸುನೀಲ್ ಜಾನಾ ಎಂಬ ಛಾಯಾಗ್ರಾಹಕರ ಹೆಸರನ್ನು ನೀವು ಕೇಳಿರಬಹುದು. 1943ರ ಬಂಗಾಳದ ಕ್ಷಾಮದಲ್ಲಿ ಬೀದಿಯ ಹೆಣಗಳ ಚಿತ್ರ ತೆಗೆದು ದೇಶದ ಕಣ್ಣು ತೆರೆಸಿದವರು ಅವರು. ಸ್ವಾತಂತ್ರ್ಯಾನಂತರ ದಾಮೋದರ ಕಣಿವೆಯ ಅಣೆಕಟ್ಟುಗಳನ್ನೂ ಉಕ್ಕಿನ ಕುಲುಮೆಗಳನ್ನೂ ದೇವಾಲಯಗಳಂತೆ ಭವ್ಯವಾಗಿ ಚಿತ್ರಿಸಿದವರೂ ಅವರೇ. ಹಸಿವನ್ನು ಅಷ್ಟು ಹತ್ತಿರದಿಂದ ಕಂಡ ಕಣ್ಣಿಗೆ ಕಾಂಕ್ರೀಟು ಉತ್ತರದಂತೆ ತೋರಿದ್ದು ಸಹಜವೇ.

ಆದರೂ ಅಣೆಕಟ್ಟನ್ನು ಬೇರೊಂದು ರೀತಿಯಲ್ಲಿ ತೋರಿಸಬಹುದಿತ್ತು. 1936ರ ನವೆಂಬರ್ 23ರಂದು ಅಮೆರಿಕದ ಲೈಫ್ ವಾರಪತ್ರಿಕೆ ಛಾಯಾಚಿತ್ರಗಳ ಪತ್ರಿಕೆಯಾಗಿ ಹೊಸರೂಪದಲ್ಲಿ ಆರಂಭವಾದಾಗ ಅದರ ಮುಖಪುಟದಲ್ಲಿ ಮಾರ್ಗರೆಟ್ ಬರ್ಕ್-ವೈಟ್ ತೆಗೆದ ಚಿತ್ರವೊಂದು ಅಚ್ಚಾಯಿತು. ಮಿಸೌರಿ ನದಿಗೆ ಕಟ್ಟುತ್ತಿದ್ದ ಫೋರ್ಟ್ ಪೆಕ್ ಅಣೆಕಟ್ಟಿನ ಕೋಡಿಯ ಬೃಹತ್ ಕಾಂಕ್ರೀಟು ಕಂಬಗಳು. ಬುಡದಲ್ಲಿ ಇರುವೆಗಳಂತೆ ಇಬ್ಬರು ಮನುಷ್ಯರು. ಆಕೆ ಅಷ್ಟಕ್ಕೇ ನಿಲ್ಲಲಿಲ್ಲ. ಅದೇ ಸಂಚಿಕೆಯ ಒಳಪುಟಗಳಲ್ಲಿ ಕೂಲಿಗಾರರ ಗುಡಿಸಲೂರುಗಳು, ಅವರ ಸಂಜೆಗಳು, ಮಕ್ಕಳು ಎಲ್ಲವೂ ಇದ್ದವು. ಭವ್ಯತೆ ಮುಖಪುಟಕ್ಕೆ, ಬದುಕು ಒಳಪುಟಕ್ಕೆ. ಹಂಚಿಕೆ ಹಾಗಾಯಿತಾದರೂ ಎರಡೂ ಒಂದೇ ಕೈಗೆ ಬಂದವಲ್ಲ ಎಂಬುದೇ ದೊಡ್ಡದು.

ನಮ್ಮ ಕೃಷ್ಣಾತೀರದಲ್ಲಿ ಒಳಪುಟಗಳೇ ಕಡಿಮೆ. ಎರಡು ಜಲಾಶಯಗಳ ನೀರಿನಡಿಗೆ ನೂರಕ್ಕೂ ಹೆಚ್ಚು ಹಳ್ಳಿಗಳ ಮನೆ ಹೊಲಗಳು ಸೇರಿದವು. ಹಳೆಯ ಬಾಗಲಕೋಟೆಯ ಬಹುಭಾಗ ಹಿನ್ನೀರಿಗೆ ಹೋಗಿ ನವನಗರ ಎದ್ದಿತು. ಮುಳುಗಿದ ಹಳ್ಳಿಗಳ ರೈತರ ಬಳಿ ಕ್ಯಾಮೆರಾ ಎಲ್ಲಿಂದ ಬರಬೇಕು? ಸ್ಟುಡಿಯೋದವನನ್ನು ಮದುವೆಗೆ ಕರೆಸುತ್ತಿದ್ದರು, ಶಾಲೆಯ ಗುಂಪುಚಿತ್ರಕ್ಕೆ ಕರೆಸುತ್ತಿದ್ದರು. ಹೊಲದ ಚಿತ್ರ ತೆಗೆಸಬೇಕೆಂದು ಯಾರಿಗೂ ತೋಚಲಿಲ್ಲ. ದಿನಾಲೂ ಕಾಣುವ ಹೊಲದ ಚಿತ್ರವೇಕೆ? ಕೊನೆಗೆ ಆ ನೆಲದ ಲೆಕ್ಕ ಸರ್ವೆ ನಂಬರುಗಳಲ್ಲಿ, ಎಕರೆ ಗುಂಟೆಗಳಲ್ಲಿ, ಪರಿಹಾರದ ರೂಪಾಯಿಗಳಲ್ಲಿ ಉಳಿಯಿತು. ಹೊಳೆಯ ಕಡೆ ಇಳಿಯುವ ದಾರಿಯ ತಿರುವು, ಸೀತನಿ ಸುಟ್ಟು ತಿಂದ ಬದು, ಸಮಾಧಿಗಳಿದ್ದ ದಿಬ್ಬ ಯಾವ ದಾಖಲೆಯಲ್ಲೂ ಇಲ್ಲ.

ಕಾಕತಾಳೀಯವೊಂದು ಇಲ್ಲಿ ನೆನಪಾಗುತ್ತದೆ. ಆಲಮಟ್ಟಿಯ ಅಡಿಗಲ್ಲು ಬಿದ್ದ ಐದಾರು ವಾರಗಳಲ್ಲಿ, 1964ರ ಜೂನ್ 29ರಂದು, ಡಾ. ಫ. ಗು. ಹಳಕಟ್ಟಿಯವರು ತೀರಿಕೊಂಡರು. ಬಸವನ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರ ಮತ್ತು ಇತರ ಶರಣರ ವಚನಗಳಿರುವ ತಾಳೆಗರಿಗಳನ್ನು ಮನೆಮನೆ ತಿರುಗಿ ಕೂಡಿಸಿ, ವಿಜಾಪುರದಲ್ಲಿ ಮುದ್ರಣಾಲಯ ನಡೆಸಿ, ಮನೆಯ ಹಣ ಕಳೆದುಕೊಂಡು ಪ್ರಕಟಿಸಿದ ಮಹನೀಯರು ಅವರು. ತಾಳೆಗರಿಗಳನ್ನು ಗೆದ್ದಲಿನಿಂದ ಉಳಿಸಿದ ಈ ಜಿಲ್ಲೆಗೆ ತನ್ನ ಹಳ್ಳಿಗಳ ಮುಖಗಳನ್ನು ನೀರಿನಿಂದ ಉಳಿಸಿಕೊಳ್ಳುವ ಒಬ್ಬ ಹಳಕಟ್ಟಿ ಸಿಗಲಿಲ್ಲ ಎಂಬ ಕೊರಗು ನನ್ನದು.

ನೀರು ತಂದ ಒಳಿತನ್ನೂ ಹೇಳದಿದ್ದರೆ ಅನ್ಯಾಯವಾದೀತು. ನಾರಾಯಣಪುರದ ಎಡದಂಡೆ ಕಾಲುವೆಯಿಂದ ಕವಲೊಡೆದ ಇಂಡಿ ಶಾಖಾ ಕಾಲುವೆ ಸಿಂದಗಿ, ಇಂಡಿಗಳ ಕಡೆ ಸಾಗಿತು. ಮುಳವಾಡ, ಚಿಮ್ಮಲಗಿ ಏತ ನೀರಾವರಿಗಳು ಎತ್ತರದ ನೆಲಕ್ಕೂ ಹೊಳೆಯ ನೀರನ್ನು ಏರಿಸಿದವು. ಭೀಮಾತೀರದಲ್ಲಿ ಕಬ್ಬು ಹಬ್ಬಿ ಸಕ್ಕರೆ ಕಾರ್ಖಾನೆಗಳ ಹೊಗೆ ಎದ್ದಿತು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಇಂಡಿಯ ಲಿಂಬೆಯ ತೋಟಗಳನ್ನು ಕಂಡವರು ಇದು ಬರದ ಸೀಮೆ ಎಂದು ನಂಬುವುದೇ ಕಷ್ಟ. ಅದೇ ಹೊತ್ತಿಗೆ, ನೀರು ಮಿತಿಮೀರಿದ ಎರೆಹೊಲಗಳಲ್ಲಿ ಸವಳು ಮೇಲೆದ್ದು ನೆಲ ಬಿಳಿಚಿಕೊಂಡದ್ದೂ ಉಂಟು. ಹಸಿರು ತೋಟ ಮತ್ತು ಬಿಳಿಚಿದ ಹೊಲ, ಎರಡೂ ಒಂದೇ ಕಾಲುವೆಯ ಮಕ್ಕಳು. ಪ್ರಚಾರದ ಚಿತ್ರದಲ್ಲಿ ಮೊದಲನೆಯದು, ಪ್ರತಿಭಟನೆಯ ಚಿತ್ರದಲ್ಲಿ ಎರಡನೆಯದು. ಎರಡನ್ನೂ ಒಟ್ಟಿಗೆ ತೋರಿಸುವ ಚಿತ್ರಕ್ಕಾಗಿ ಕಾಲುವೆಯ ಏರಿಯ ಮೇಲೆ ನಿಂತು ಎರಡೂ ಕಡೆ ತಿರುಗಿ ನೋಡಬೇಕು.

ಇನ್ನು ಚಿಮಣಿ. ಬಸವನ ಬಾಗೇವಾಡಿ ಸೀಮೆಯ ಕೂಡಗಿಯಲ್ಲಿ ಎನ್‌ಟಿಪಿಸಿ ಸಂಸ್ಥೆಯ ಶಾಖೋತ್ಪನ್ನ ವಿದ್ಯುತ್ ಸ್ಥಾವರವಿದೆ. 800 ಮೆಗಾವಾಟಿನ 3 ಘಟಕಗಳು, ಒಟ್ಟು 2,400 ಮೆಗಾವಾಟ್. ಘಟಕಗಳು 2017 ಮತ್ತು 2018ರಲ್ಲಿ ಒಂದೊಂದಾಗಿ ಕೆಲಸಕ್ಕೆ ತೊಡಗಿದವು. ಅದಕ್ಕೂ ಮುಂಚೆ, 2014ರ ಜುಲೈನಲ್ಲಿ, ಸ್ಥಾವರವನ್ನು ವಿರೋಧಿಸಿದ ರೈತರ ಮೇಲೆ ಗೋಲಿಬಾರ್ ನಡೆದು ಹಲವರು ಗಾಯಗೊಂಡರು. ಹಾರುಬೂದಿಯಿಂದ ತಮ್ಮ ಬೆಳೆ, ನೀರು, ಉಸಿರು ಹಾಳಾದೀತೆಂಬುದು ಅವರ ಭಯ. ಸ್ಥಾವರಕ್ಕೆ ಬೇಕಾದ ನೀರು ಬರುವುದು ಆಲಮಟ್ಟಿಯಿಂದ. ಕಲ್ಲಿದ್ದಲು ಬರುವುದು ರೈಲಿನಲ್ಲಿ. ಯಾವ ರೈಲು? 1884ರಲ್ಲಿ ಕ್ಷಾಮಪೀಡಿತರಿಗೆ ಕಾಳು ತರಲೆಂದು ಹಾಕಿದ ಅದೇ ಹೊಟಗಿ–ಗದಗ ಮಾರ್ಗ. ಅದು ಬ್ರಾಡ್‌ಗೇಜ್ ಆಗಿದೆ, ಕಲ್ಲಿದ್ದಲಿಗಾಗಿಯೇ ಹೊಟಗಿಯಿಂದ ಕೂಡಗಿಯವರೆಗೆ ಜೋಡಿಹಳಿಯ ಕೆಲಸ ನಡೆಯಿತು.

ನೋಡಿ, ಎಷ್ಟೊಂದು ಎಳೆಗಳು ಈ ಒಂದು ಚಿಮಣಿಯಲ್ಲಿ ಹೆಣೆದುಕೊಂಡಿವೆ! ಮುಳುಗಿದ ಹಳ್ಳಿಯ ಮೇಲೆ ನಿಂತ ನೀರು, ಬರಗಾಲದ ಹಳಿ, ರೈತ ಬಿಟ್ಟುಕೊಟ್ಟ ಎರೆಹೊಲ, ದೂರದ ಗಣಿಯ ಕಲ್ಲಿದ್ದಲು, ಕೊನೆಗೆ ನೀವು ಈ ಪತ್ರಿಕೆಯನ್ನು ಓದುತ್ತಿರುವ ದೀಪ. ಆದರೆ ಚಿಮಣಿಯನ್ನು ಕಂಡ ಕೂಡಲೇ ನಾವು ತೆಗೆಯುವುದು ಎಂಥ ಚಿತ್ರ? ಸೂರ್ಯ ಮುಳುಗುವಾಗ ಕೆಂಪು ಆಕಾಶದ ಎದುರು ಕಪ್ಪಾಗಿ ನಿಂತ ಚಿಮಣಿ. ಅಥವಾ ಹಿನ್ನೀರಿನಲ್ಲಿ ಗುಲಾಬಿ ಬಣ್ಣದ ರಾಜಹಂಸಗಳ ಹಿಂಡು. ಎರಡೂ ಕಣ್ಣಿಗೆ ಹಿತ. ಚಿಮಣಿಯ ಚಿತ್ರದಲ್ಲಿ ಹಕ್ಕಿಯಿಲ್ಲ, ಹಕ್ಕಿಯ ಚಿತ್ರದಲ್ಲಿ ಚಿಮಣಿಯಿಲ್ಲ. ಒಂದು ಜಿಲ್ಲೆಯ ಎರಡು ಚಿತ್ರಗಳು ಎರಡು ಲೋಕಗಳಾಗಿ ಬೇರೆಯಾಗುತ್ತವೆ.

ಈ ಬೇರ್ಪಡಿಕೆಯನ್ನು ಪ್ರಶ್ನಿಸಿದವರು ಹೊರನಾಡುಗಳಲ್ಲಿ ಇದ್ದಾರೆ. 1975ರಲ್ಲಿ ಅಮೆರಿಕದ ರೋಚೆಸ್ಟರ್ ನಗರದ ಜಾರ್ಜ್ ಈಸ್ಟ್‌ಮನ್ ಸಂಗ್ರಹಾಲಯದಲ್ಲಿ, ಮನುಷ್ಯನು ಬದಲಿಸಿದ ಭೂದೃಶ್ಯವನ್ನು ಕುರಿತು ಒಂದು ಪ್ರದರ್ಶನ ನಡೆಯಿತು. ಅದಕ್ಕೂ ಹಿಂದಿನ ಭೂದೃಶ್ಯದ ಚಿತ್ರಗಾರರು ಹಿಮಶಿಖರ, ಜಲಪಾತಗಳನ್ನೇ ಹುಡುಕಿ ಹೋಗುತ್ತಿದ್ದರು. ತಂತಿಕಂಬ ಅಡ್ಡ ಬಂದರೆ ಕ್ಯಾಮೆರಾ ಸರಿಸುತ್ತಿದ್ದರು. ಈ ಹೊಸಬರು ತಂತಿಕಂಬವನ್ನು ಬಿಡಲಿಲ್ಲ. ಅವರಲ್ಲಿ ಫ್ರಾಂಕ್ ಗೋಲ್ಕೆ ಎಂಬಾತನ ಕೆಲಸ ನಮ್ಮ ಇಂಡಿ ಸಿಂದಗಿಗಳವರಿಗೆ ಪಾಠದಂತಿದೆ. ಆತ ಆರಿಸಿಕೊಂಡದ್ದು ಗೋಧಿ ಬೆಳೆಯುವ ಸಪಾಟು ಬಯಲನ್ನು, ಆ ಬಯಲಿನಲ್ಲಿ ರೈಲುಹಳಿಯ ಪಕ್ಕ ಗೋಪುರದಂತೆ ನಿಂತ ಧಾನ್ಯದ ಉಗ್ರಾಣಗಳನ್ನು. ಅವನ ಚಿತ್ರಗಳಲ್ಲಿ ಬಯಲು ಬರಿಯ ಹಿನ್ನೆಲೆಯಲ್ಲ. ಉಗ್ರಾಣ ಅಲ್ಲಿ ಏಕೆ ನಿಂತಿದೆ ಎಂಬುದಕ್ಕೆ ಸುತ್ತಲಿನ ಹೊಲವೇ ಕಾರಣ, ಹೊಲ ಹಾಗೇಕಿದೆ ಎಂಬುದಕ್ಕೆ ಉಗ್ರಾಣ ಕಾರಣ. ಜರ್ಮನಿಯ ಬೆರ್ನ್ಡ್ ಮತ್ತು ಹಿಲ್ಲಾ ಬೆಖರ್ ದಂಪತಿಗಳು ಅದೇ ಪ್ರದರ್ಶನದಲ್ಲಿದ್ದರು. ಮುಚ್ಚುತ್ತಿದ್ದ ಗಣಿ, ಕುಲುಮೆ, ನೀರಿನ ಗೋಪುರಗಳನ್ನು ಅವರು ಮೋಡ ಮುಸುಕಿದ ದಿನಗಳಲ್ಲೇ, ನೆರಳಿನ ಆಟವಿಲ್ಲದೆ, ನೇರವಾಗಿ ಎದುರು ನಿಂತು ಚಿತ್ರಿಸಿದರು. ಕೆಂಪು ಸೂರ್ಯಾಸ್ತದ ಮೋಹ ಅವರಿಗಿರಲಿಲ್ಲ.

ಇತ್ತೀಚಿನವರಲ್ಲಿ ಕೆನಡಾದ ಎಡ್ವರ್ಡ್ ಬರ್ಟಿನ್‌ಸ್ಕಿಯ ಗಣಿ, ಕಲ್ಲುಕ್ವಾರಿಗಳ ಚಿತ್ರಗಳು ಜಗತ್ಪ್ರಸಿದ್ಧ. ಅವು ಬಹಳ ಸುಂದರ. ವಿಷದ ನೀರೂ ಅವುಗಳಲ್ಲಿ ರೇಷ್ಮೆಯಂತೆ ಹೊಳೆಯುತ್ತದೆ. ಅಷ್ಟು ಮೇಲಿನಿಂದ ನೋಡಿದರೆ ಮನುಷ್ಯನ ಮುಖ ಕಾಣುವುದಿಲ್ಲವಲ್ಲ ಎಂಬ ಅಳುಕು ನನಗೆ. ಬ್ರೆಜಿಲಿನ ಸೆಬಾಸ್ಟಿಯಾವೊ ಸಲ್ಗಾದೊ ನನಗೆ ಇನ್ನೂ ಹತ್ತಿರದವರೆನಿಸುತ್ತಾರೆ. ನಮ್ಮ ಧನಬಾದಿನ ಕಲ್ಲಿದ್ದಲು ಗಣಿಗಳವರೆಗೂ ಬಂದು ದುಡಿಯುವ ದೇಹಗಳ ಚಿತ್ರ ತೆಗೆದ ಅವರು, ಆಮೇಲೆ ಪತ್ನಿ ಲೇಲಿಯಾರೊಂದಿಗೆ ತಮ್ಮ ಮನೆತನದ ಬರಡಾದ ಜಮೀನಿನಲ್ಲಿ 1998ರಿಂದ ಮರ ನೆಟ್ಟು ಕಾಡನ್ನು ಮರಳಿ ಬೆಳೆಸಿದರು. 2025ರಲ್ಲಿ ತೀರಿಕೊಂಡರು.

ಸಂತ ಮಾರ್ಕನ ಶುಭಸಂದೇಶದ 8ನೆಯ ಅಧ್ಯಾಯದಲ್ಲಿ ಬೆತ್ಸಾಯಿದ ಊರಿನ ಕುರುಡನೊಬ್ಬನ ಪ್ರಸಂಗವಿದೆ. ಯೇಸುಸ್ವಾಮಿ ಮೊದಲ ಸಲ ಮುಟ್ಟಿದಾಗ ಅವನಿಗೆ ಜನರು ನಡೆದಾಡುವ ಮರಗಳಂತೆ ಕಂಡರು. ಸ್ವಾಮಿ ಅಷ್ಟಕ್ಕೇ ಬಿಡಲಿಲ್ಲ, ಎರಡನೆಯ ಸಲ ಕಣ್ಣಿನ ಮೇಲೆ ಕೈಯಿಟ್ಟರು. ಆಗ ಎಲ್ಲವೂ ಸ್ಪಷ್ಟವಾಯಿತು. ಎಷ್ಟೋ ಸಲ ಬಲಿಪೂಜೆಯಲ್ಲಿ ಈ ವಾಚನವನ್ನು ಕೇಳಿರುತ್ತೇವೆ. ಮೊದಲ ನೋಟದಲ್ಲಿ ಮನುಷ್ಯನೂ ಮರವೂ ಬೆರೆತು ಮಸುಕಾಗಿರುವುದು ಕುರುಡನೊಬ್ಬನ ಕಥೆ ಮಾತ್ರವಲ್ಲ, 1855ರ ಕ್ಯಾಮೆರಾದ ಕಥೆಯೂ ಹೌದು, ಪ್ರವಾಸದಲ್ಲಿ ಅವಸರದಿಂದ ಮೊಬೈಲು ಎತ್ತುವ ನಮ್ಮ ಕಥೆಯೂ ಹೌದು. ಜಗದ್ಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ ‘ಲೌದಾತೋ ಸಿ’ ಪರಿಪತ್ರದಲ್ಲಿ ಪರಿಸರದ ಸಂಕಟವೂ ಬಡವರ ಸಂಕಟವೂ ಎರಡಲ್ಲ, ಒಂದೇ ಎಂದು ವಿವರಿಸಿದ್ದು ಈ ಎರಡನೆಯ ನೋಟದಿಂದಲೇ. ಕೂಡಗಿಯ ಬೂದಿಯನ್ನು ಪರಿಸರದ ಕಡತಕ್ಕೂ ಅಲ್ಲಿನ ರೈತನನ್ನು ಪರಿಹಾರದ ಕಡತಕ್ಕೂ ಹಾಕಿಬಿಟ್ಟರೆ ನಮಗೆ ಕಾಣುವುದು ನಡೆದಾಡುವ ಮರಗಳೇ.

ಇದು ಮುಗಿದುಹೋದ ಚರಿತ್ರೆಯೂ ಅಲ್ಲ. ಕೃಷ್ಣಾ ಎರಡನೆಯ ನ್ಯಾಯಮಂಡಳಿ 2010ರಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಒಪ್ಪಿತು. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವಸಂಪುಟವು ಮುಳುಗಡೆಯಾಗುವ 75 ಸಾವಿರಕ್ಕೂ ಹೆಚ್ಚು ಎಕರೆ ಜಮೀನಿಗೆ ಪರಿಹಾರದ ದರವನ್ನು ನಿಗದಿಮಾಡಿತು. ಗೋಡೆ ಏರಿದ ದಿನ ಇನ್ನಷ್ಟು ಹಳ್ಳಿಗಳು, ಬಾಗಲಕೋಟೆಯ ಇನ್ನಷ್ಟು ಓಣಿಗಳು ನೀರಿಗೆ ಸೇರಲಿವೆ. ಏರಿಸಬೇಕೋ ಬೇಡವೋ ಎಂಬುದು ಇಲ್ಲಿನ ಚರ್ಚೆಯಲ್ಲ. ಸಿಂದಗಿಯ ಒಣಹೊಲದ ರೈತನಿಗೆ ಅದು ಬೇಕು, ಕೃಷ್ಣಾದಂಡೆಯವನಿಗೆ ಬೇಡ. ಇಬ್ಬರೂ ಒಂದೇ ಸಂತೆಗೆ ಬರುವವರು. ಆದರೆ ಈ ಸಲ ಕ್ಯಾಮೆರಾ ಇಲ್ಲವೆಂದು ಯಾರೂ ಹೇಳುವಂತಿಲ್ಲ. ಪ್ರತಿ ಮನೆಯ ಜೇಬಿನಲ್ಲೂ ಒಂದಿದೆ.

ನಿಮ್ಮ ಧರ್ಮಕೇಂದ್ರದ ಯುವಜನರು ಮುಂದಿನ ಸಲ ಆಲಮಟ್ಟಿಗೆ ಹೊರಟಾಗ ಗೇಟುಗಳ ಎದುರು ಒಂದು ಚಿತ್ರ ತೆಗೆಸಿಕೊಳ್ಳಲಿ, ಬೇಡವೆನ್ನುವುದಿಲ್ಲ. ಬಳಿಕ ಬೆನ್ನು ತಿರುಗಿಸಿ ನಿಂತು ಎದುರಿನ ಹೊಲದ ಒಂದು ಚಿತ್ರವನ್ನೂ ತೆಗೆಯಲಿ. ಕೂಡಗಿಯ ದಾರಿಯಲ್ಲಿ ಚಿಮಣಿ ಕಂಡಾಗ ಅದು ಚೌಕಟ್ಟಿನ ತುಂಬ ತುಂಬಿಕೊಳ್ಳುವಷ್ಟು ಹತ್ತಿರ ಹೋಗದೆ, ಜೋಳದ ಹೊಲವೂ ಹೊಲದಲ್ಲಿ ದುಡಿಯುವವರೂ ಕಾಣುವಷ್ಟು ಹಿಂದೆ ಸರಿದು ನಿಲ್ಲಲಿ. ಅವರನ್ನು ಮಾತನಾಡಿಸಿ, ಒಪ್ಪಿಗೆ ಕೇಳಿ ತೆಗೆಯಲಿ. ಸಾಧ್ಯವಾದರೆ ಅದೇ ಜಾಗದಲ್ಲಿ ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ, ಹಿಂಗಾರಿ ಸುಗ್ಗಿಯಲ್ಲೊಮ್ಮೆ ನಿಲ್ಲಲಿ. ನಾಲ್ಕಾರು ವರ್ಷ ಹೀಗೆ ಮಾಡಿದರೆ ಬಿಗ್ಸ್ ಸಾಹೇಬನ ನಿಧಾನದ ಕಾಗದಕ್ಕೆ ಕಾಣದೆ ಹೋದ ಜನರು ಇಲ್ಲಿ ಕಂಡಾರು.

ಇನ್ನು ಆ ಲಕೋಟೆಯ ಆಲಮಟ್ಟಿ ಚಿತ್ರ. ಅದನ್ನು ಮಗುಚಿ ನೋಡಿ. ಹಿಂಬದಿ ಖಾಲಿಯಿದ್ದರೆ ಮೆತ್ತಗಿನ ಪೆನ್ಸಿಲಿನಿಂದ ವರ್ಷ ಬರೆಯಿರಿ, ನಿಂತವರ ಹೆಸರು ಬರೆಯಿರಿ. ಹಿಂದೆ ಕಾಣುವ ಆ ನೀರಿನ ಅಡಿಯಲ್ಲಿ ಯಾವ ಊರಿತ್ತು, ಯಾರ ಹೊಲವಿತ್ತು ಎಂಬುದು ಮನೆಯ ಅಜ್ಜಿಗೆ ನೆನಪಿದ್ದರೆ ಅದನ್ನೂ ಕೇಳಿ ಬರೆಯಿರಿ. ಅವರು ಹೇಳುವಾಗ ಎರಡು ಮೂರು ಊರುಗಳ ಹೆಸರು ಬಂದಾವು, ಜಾಗ ಬಿಟ್ಟು ಸಣ್ಣಗೆ ಬರೆಯಿರಿ.